ಚಿಕ್ಕಮ್ಮನ ಅಡುಗೆಮನೆಗೆ ಬಿಸಿಲೆಷ್ಟು?

ಡೊಂಬಿವಲಿ ಪೂರ್ವದಲ್ಲಿ ನನ್ನ ಚಿಕ್ಕಮ್ಮ ಮೂವತ್ತು ವರ್ಷ ಬಾಳಿದ ನಾಲ್ಕು ಮಹಡಿಯ ಕಟ್ಟಡ ಈಗಿಲ್ಲ. ಅದನ್ನು ಕೆಡವಿ, ಅದೇ ಜಾಗದಲ್ಲಿ ಬಹುಮಹಡಿ ಕಟ್ಟಡ ಏಳುತ್ತಿದೆ. ಕೆಡಹುವ ಮೊದಲು ನಡೆದ ಸೊಸೈಟಿ ಸಭೆಗೆ ಚಿಕ್ಕಮ್ಮ ನನ್ನನ್ನೂ ಕರೆದೊಯ್ದಿದ್ದರು. ಬಿಲ್ಡರ್ ಕಡೆಯವರು ಪರದೆಯ ಮೇಲೆ ಹೊಸ ಮನೆಗಳನ್ನು ತೋರಿಸಿದರು. ಬಾಗಿಲು ತೆರೆಯಿತು, ಸೋಫಾ ಕಂಡಿತು, ಬಾಲ್ಕನಿಯಲ್ಲಿ ಹೂಕುಂಡವೂ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮ ಮಾತ್ರ ನನ್ನ ಕಿವಿಯ ಬಳಿ ಕೇಳಿದರು: "ಚಂದ ಉಂಟು. ಆದರೆ ನನ್ನ ಅಡುಗೆಮನೆ ಪಶ್ಚಿಮಕ್ಕೆ ಬಂತಲ್ಲ ತಮ್ಮಾ, ಸಂಜೆ ಅಲ್ಲಿ ನಿಲ್ಲಲಿಕ್ಕೆ ಆಗ್ತದಾ?"

ನಾನು ಕುಮಟಾದವನು. ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ ಇಲ್ಲಿಗೆ ಬಂದೆ. ಥಾಣೆಯಲ್ಲಿ ಬಾಡಿಗೆ ಮನೆ, ನವಿ ಮುಂಬೈಯ ಐರೋಳಿಯಲ್ಲಿ ಕೆಲಸ. ಕಟ್ಟಡಗಳ ಕಂಪ್ಯೂಟರ್ ಮಾದರಿಯನ್ನು ಓದಿ, ಅದರೊಳಗೆ ಎಷ್ಟು ಶಾಖ ಸೇರುತ್ತದೆ, ತಂಪು ಮಾಡಲು ಎಷ್ಟು ವಿದ್ಯುತ್ ಬೇಕು ಎಂದು ಲೆಕ್ಕ ಹಾಕುವ ತಂತ್ರಾಂಶ ಬರೆಯುವುದೇ ನನ್ನ ಕೆಲಸ. ಚಿಕ್ಕಮ್ಮನ ಪ್ರಶ್ನೆ ನನ್ನ ಹೊಟ್ಟೆಪಾಡಿನ ಪ್ರಶ್ನೆಯೇ ಆಗಿತ್ತು. ಆದರೂ ಸಭೆಯಲ್ಲಿ ಅದನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಈ ವಿಧಾನಕ್ಕೆ ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಚಿಕ್ಕದಾಗಿ 'ಬಿಮ್' ಎನ್ನುತ್ತಾರೆ. ಕಾಗದದ ನಕ್ಷೆಯಲ್ಲಿ ಗೋಡೆಯೆಂದರೆ ಎರಡು ಗೆರೆ, ಅಷ್ಟೇ. ಬಿಮ್ ಮಾದರಿಯಲ್ಲಿ ಗೋಡೆಗೆ ತನ್ನ ವಿವರವೆಲ್ಲ ಗೊತ್ತಿರುತ್ತದೆ. ಎಷ್ಟು ದಪ್ಪ, ಯಾವ ವಸ್ತು, ಯಾವ ದಿಕ್ಕಿಗೆ ಮುಖ, ಆಚೆಗೆ ಯಾವ ಕೋಣೆ, ಎಲ್ಲವೂ. ಕಲ್ಪನೆ ಹೊಸದಲ್ಲ. ಅಮೆರಿಕದ ಪ್ರಾಧ್ಯಾಪಕ ಚಾರ್ಲ್ಸ್ ಈಸ್ಟ್‌ಮನ್ 1970ರ ದಶಕದಲ್ಲೇ ಇದನ್ನು ಮುಂದಿಟ್ಟಿದ್ದರು. ನಮ್ಮಲ್ಲೂ ದೊಡ್ಡ ಯೋಜನೆಗಳು ಇದನ್ನು ಬಳಸುತ್ತಿವೆ. ನಾಗಪುರ ಮೆಟ್ರೊದಲ್ಲಿ ಕಾಮಗಾರಿಯ ವೇಳಾಪಟ್ಟಿ ಮತ್ತು ಖರ್ಚನ್ನೂ ಮಾದರಿಗೆ ಜೋಡಿಸಿ ಕೆಲಸ ಮಾಡಿದರು. ಆದರೆ ಸಾಮಾನ್ಯ ವಸತಿ ಕಟ್ಟಡಗಳಲ್ಲಿ ನಾನು ಕಂಡಂತೆ, ಮಾದರಿ ಇದ್ದರೂ ಅದರ ಉಪಯೋಗ ಎರಡಕ್ಕೇ: ಚಂದದ ಚಿತ್ರ ತೋರಿಸಲು, ಸಿಮೆಂಟು-ಕಬ್ಬಿಣದ ಲೆಕ್ಕ ಹಾಕಲು. ಮನೆಯೊಳಗೆ ಸೆಖೆ ಎಷ್ಟು ಎಂದು ಅದನ್ನು ಯಾರೂ ಕೇಳುವುದಿಲ್ಲ.

ಸೊಸೈಟಿಯ ಸಮಿತಿಯವರು ಕೇಳಿದ ಮೇಲೆ ವಾಸ್ತುಶಿಲ್ಪಿ ಮಾದರಿಯ ಫೈಲನ್ನು ಐಎಫ್‌ಸಿ ರೂಪದಲ್ಲಿ ಕೊಟ್ಟರು. ಯಾವ ಕಂಪನಿಯ ತಂತ್ರಾಂಶವಾದರೂ ಓದಬಹುದಾದ ರೂಪ ಅದು. ತೆರೆದು ನೋಡಿದರೆ ಗೋಡೆಗಳಿಗೆ ಆಕಾರ ಮಾತ್ರ ಇತ್ತು, ವಸ್ತುವಿನ ಜಾಗ ಖಾಲಿ. ಚಿತ್ರಕ್ಕಾಗಿ ಮಾಡಿದ ಮಾದರಿಗಳಲ್ಲಿ ಇದು ಮಾಮೂಲು. ಬೆಲೆ ಬರೆಯದ ಕಿರಾಣಿ ಚೀಟಿಯಿಂದ ಮೊತ್ತ ಕೂಡಿಸಲು ಆಗುತ್ತದೆಯೇ? ವಾಸ್ತುಶಿಲ್ಪಿಯನ್ನೇ ಕೇಳಿ ಒಂದೊಂದಾಗಿ ತುಂಬಿಸಿದೆ. ನಂತರ ಹವಾಮಾನದ ಫೈಲು ಸೇರಿಸಿ, ಅಮೆರಿಕದ ಇಂಧನ ಇಲಾಖೆ ಉಚಿತವಾಗಿ ಕೊಡುವ 'ಎನರ್ಜಿಪ್ಲಸ್' ತಂತ್ರಾಂಶದಲ್ಲಿ ಓಡಿಸಿದೆ. ವರ್ಷದ 8,760 ಗಂಟೆಗಳಲ್ಲಿ ಪ್ರತಿಯೊಂದಕ್ಕೂ ಅದು ಉತ್ತರ ಕೊಡುತ್ತದೆ.

ಉತ್ತರ ಚಿಕ್ಕಮ್ಮ ಹೆದರಿದಂತೆಯೇ ಇತ್ತು. ಇದಕ್ಕೆ ಮೂರು ಕಾರಣ ಕಂಡವು.

ಮೊದಲನೆಯದು ಗೋಡೆ. ಈ ಭಾಗದಲ್ಲಿ ಈಗ ಅಲ್ಯುಮಿನಿಯಂ ಅಚ್ಚು ನಿಲ್ಲಿಸಿ, ಹೊರಗೋಡೆಯನ್ನೂ ಕಾಂಕ್ರೀಟಿನಲ್ಲೇ ಎರೆಯುವ ಪದ್ಧತಿ ಹೆಚ್ಚಿದೆ. ಇದಕ್ಕೆ 'ಮಿವಾನ್' ಎನ್ನುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಕಟ್ಟಡ ಗಟ್ಟಿ. ಆದರೆ ಹಗುರವಾದ ಎಎಸಿ ಬ್ಲಾಕಿಗೆ ಹೋಲಿಸಿದರೆ ಕಾಂಕ್ರೀಟು ಸುಮಾರು ಎಂಟು ಪಟ್ಟು ಸುಲಭವಾಗಿ ಶಾಖವನ್ನು ಒಳಗೆ ಬಿಡುತ್ತದೆ. ಹಗಲು ಕುಡಿದ ಬಿಸಿಯನ್ನು ರಾತ್ರಿ ಉಗುಳುತ್ತದೆ. ಥಾಣೆಯ ನನ್ನ ಮಲಗುವ ಕೋಣೆಯ ಗೋಡೆ ರಾತ್ರಿ ಹತ್ತಕ್ಕೂ ಕಾವಲಿಯಂತಿರುವುದು ಇದರಿಂದಲೇ.

ಎರಡನೆಯದು ಕಿಟಕಿ. ಕೇಂದ್ರ ಸರ್ಕಾರ 2018ರಲ್ಲಿ ವಸತಿ ಕಟ್ಟಡಗಳಿಗಾಗಿ 'ಇಕೋ ನಿವಾಸ್ ಸಂಹಿತಾ' ಎಂಬ ಸಂಹಿತೆ ತಂದಿತು. ನಮ್ಮಂಥ ಸೆಖೆಯ ಕರಾವಳಿಯಲ್ಲಿ ಮನೆಯ ಕಾರ್ಪೆಟ್ ವಿಸ್ತೀರ್ಣದ ಕನಿಷ್ಠ ಶೇ 16.66ರಷ್ಟು ಜಾಗ ಗಾಳಿಗಾಗಿ ತೆರೆಯುವಂತಿರಬೇಕು ಎನ್ನುತ್ತದೆ ಅದು. ಹಿತವಾದ ಹವೆಯ ಬೆಂಗಳೂರಿಗೆ ಶೇ 12.5 ಸಾಕು. ಗೋಡೆ, ಕಿಟಕಿಗಳಿಂದ ಒಳಬರುವ ಶಾಖ ಸರಾಸರಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಎಂಬ ಮಿತಿಯೂ ಇದೆ. ಚಿಕ್ಕಮ್ಮನ ಮನೆಗೆ ದೊಡ್ಡ ಕಿಟಕಿಗಳೇನೋ ಇದ್ದವು. ಆದರೆ ಅವು ಜಾರುವ ಕಿಟಕಿಗಳು. ಒಂದು ಗಾಜು ಇನ್ನೊಂದರ ಹಿಂದೆ ಸರಿದರೆ ತೆರೆಯುವುದು ಅರ್ಧವೇ. ಬಿಸಿಲಿಗೆ ಪೂರಾ ಕಿಟಕಿ, ಗಾಳಿಗೆ ಅರ್ಧ ಕಿಟಕಿ!

ಮೂರನೆಯದು ದಿಕ್ಕು. ನಡುಹಗಲಿನ ಎತ್ತರದ ಬಿಸಿಲನ್ನು ಚಜ್ಜಾ ತಡೆಯುತ್ತದೆ. ಪಶ್ಚಿಮದ ಇಳಿಬಿಸಿಲು ಅದರ ಅಡಿಯಿಂದ ನುಸುಳಿ ನೇರ ಒಲೆಯ ಮುಂದೆ ಬಂದು ನಿಲ್ಲುತ್ತದೆ.

ಇದಕ್ಕೆ ಉಪಾಯ ಕಂಪ್ಯೂಟರಿಗಿಂತ ಹಳೆಯದು. ಕುಮಟಾದ ನಮ್ಮ ಮನೆಯೂ ಇಂಥದೇ ಸೆಖೆಯ ಕರಾವಳಿಯಲ್ಲಿದೆ. ಅಲ್ಲಿ ಇಳಿಜಾರು ಮಾಡಿನ ಕೆಳಗಿನ ಜಗಲಿ ಬಿಸಿಲು-ಮಳೆ ಎರಡನ್ನೂ ಗೋಡೆಯಿಂದ ದೂರ ಇಡುತ್ತದೆ. ನವಿ ಮುಂಬೈಯ ಯೋಜನೆ ರೂಪಿಸಿದವರಲ್ಲಿ ಪ್ರಮುಖರಾದ ಚಾರ್ಲ್ಸ್ ಕೊರಿಯಾ, 1983ರಲ್ಲಿ ಮುಗಿದ ಮುಂಬೈಯ 'ಕಾಂಚನಜುಂಗಾ' ಗೋಪುರದಲ್ಲಿ ಮಾಡಿದ್ದೂ ಅದನ್ನೇ. ಸಮುದ್ರದ ಗಾಳಿ ಬರುವುದು ಪಶ್ಚಿಮದಿಂದ, ಸುಡುವ ಬಿಸಿಲೂ ಅಲ್ಲಿಂದಲೇ. ಹಾಗಾಗಿ ಅವರು ಹಳೆಯ ಬಂಗಲೆಗಳ ಜಗಲಿಯನ್ನು ಮೇಲಿನ ಮಹಡಿಗಳಿಗೆ ಏರಿಸಿದರು.

ಇಲ್ಲಿನ ಫ್ಲ್ಯಾಟುಗಳಲ್ಲಿ ಅಡುಗೆಮನೆಗೆ ಅಂಟಿಕೊಂಡು ಪಾತ್ರೆ-ಬಟ್ಟೆಗೆಂದು 'ಡ್ರೈ ಬಾಲ್ಕನಿ' ಇರುತ್ತದೆ. ಚಿಕ್ಕಮ್ಮನ ಮನೆಯಲ್ಲಿ ಅದು ಪಕ್ಕಕ್ಕಿತ್ತು. ಮಾದರಿಯಲ್ಲಿ ಅದನ್ನು ಅಡುಗೆಮನೆಯ ಮುಂದಕ್ಕೆ, ಪಶ್ಚಿಮಕ್ಕೆ ಸರಿಸಿ ಮತ್ತೆ ಓಡಿಸಿದೆ. ಇಳಿಬಿಸಿಲು ಬಾಲ್ಕನಿಯಲ್ಲೇ ನಿಂತಿತು. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಮುಂದಿನ ಸಭೆಯಲ್ಲಿ ತೋರಿಸಿದೆ.

ಎಲ್ಲವೂ ಗೆಲ್ಲಲಿಲ್ಲ. ಅಚ್ಚುಗಳು ನಿಗದಿಯಾಗಿವೆ ಎಂದು ಗೋಡೆಯ ಮಾತನ್ನು ಬಿಲ್ಡರ್ ಒಪ್ಪಲೇ ಇಲ್ಲ. ಗೋಡೆ ಕಾಂಕ್ರೀಟಿನದೇ. ಆದರೆ ನಕ್ಷೆ ಇನ್ನೂ ಪಾಲಿಕೆಯ ಮಂಜೂರಾತಿಗೆ ಹೋಗಿರಲಿಲ್ಲವಾದ್ದರಿಂದ ಪಶ್ಚಿಮದ ಸಾಲಿನ ಎಲ್ಲ ಮನೆಗಳ ಬಾಲ್ಕನಿ ಜಾಗ ಬದಲಾಯಿತು. ಆ ಸಾಲಿಗೆ ಪೂರಾ ತೆರೆಯುವ ಕಿಟಕಿಗಳೂ ಸಿಕ್ಕವು. ಆರು ತಿಂಗಳು ತಡವಾಗಿದ್ದರೆ ಅದೂ ಆಗುತ್ತಿರಲಿಲ್ಲ. ಮಾದರಿಯಲ್ಲಿ ಗೋಡೆ ಸರಿಸಲು ಹತ್ತು ನಿಮಿಷ ಸಾಕು, ಎರೆದ ಕಾಂಕ್ರೀಟನ್ನು ಸರಿಸುವವರು ಯಾರು? ಆಮೇಲೆ ಉಳಿಯುವ ದಾರಿ ಎ.ಸಿ. ಒಂದೇ. ಅದರ ಬಿಲ್ಲನ್ನು ಬಿಲ್ಡರ್ ಕಟ್ಟುವುದಿಲ್ಲ.

ಇದು ಡೊಂಬಿವಲಿಯ ಕತೆ ಮಾತ್ರವಲ್ಲ. ಮಂಗಳೂರಿನ ಹವೆಯೂ ಇಂಥದೇ, ಅಲ್ಲೂ ಗೋಪುರಗಳು ಏಳುತ್ತಿವೆ. ಫ್ಲ್ಯಾಟ್ ಕೊಳ್ಳುವವರು ಮಾರ್ಬಲ್ ಯಾವುದು ಎಂದು ಕೇಳುವ ಜೊತೆಗೆ ಮೂರು ಪ್ರಶ್ನೆ ಕೇಳಿ: ಹೊರಗೋಡೆ ಯಾವುದರದು? ಕಿಟಕಿ ಎಷ್ಟು ತೆರೆಯುತ್ತದೆ? ಪಶ್ಚಿಮಕ್ಕೆ ಏನಿದೆ? ಅವರ ಬಳಿ ಬಿಮ್ ಮಾದರಿ ಇದ್ದರೆ, ಶಾಖದ ಲೆಕ್ಕ ತೋರಿಸಿ ಎನ್ನಿ. ಇಕೋ ನಿವಾಸ್ ಸಂಹಿತೆಯ ಹೆಸರು ಹೇಳಿ. ಉತ್ತರ ಸಿಗದಿದ್ದರೂ, ಮುಂದೆ ಕೇಳುವವರಿಗೆ ದಾರಿಯಾಗುತ್ತದೆ.

ಚಿಕ್ಕಮ್ಮ ಸದ್ಯ ಕಲ್ಯಾಣದಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಭಾನುವಾರ ಹೋದಾಗಲೆಲ್ಲ ಕಟ್ಟಡ ಎಷ್ಟನೇ ಮಹಡಿಗೆ ಬಂತು ಎಂದು ವಿಚಾರಿಸುತ್ತಾರೆ. ಕಳೆದ ವಾರ ಚಹಾ ಕೊಡುತ್ತಾ ಹೇಳಿದರು: "ನಿನ್ನ ಕಂಪ್ಯೂಟರ್ ಹೇಳಿದ್ದು ಸುಳ್ಳಾದರೆ, ಸಂಜೆ ಚಹಾ ನೀನೇ ಬಂದು ಮಾಡಬೇಕು ತಮ್ಮಾ." ನಾನು ಒಪ್ಪಿದ್ದೇನೆ.