ಶೀತಲ ಸಮರದ ಜನಗ್ರಹಿಕೆ: ಗೋಧಿ, ಗಿಡ ಮತ್ತು ಗ್ರಂಥ

ಕನ್ನಡ ಪತ್ರಿಕೆಗಳಲ್ಲಿ ಇಂದು ‘ಶೀತಲ ಸಮರ’ವೆಂಬ ಪದ ಹೆಚ್ಚಾಗಿ ಕಾಣಿಸುವುದು ಒಂದೇ ಪಕ್ಷದ ಇಬ್ಬರು ನಾಯಕರ ಒಳಮುನಿಸನ್ನು ವರ್ಣಿಸುವಾಗ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಬೆಳೆದು, 1991ರ ವೇಳೆಗೆ ಕೊನೆಗೊಂಡ ಪೈಪೋಟಿಯ ಹೆಸರು ಹೀಗೆ ನೆಲೆ ಬದಲಿಸಿದೆ. ಆ ಪೈಪೋಟಿಯ ಕಾಲದಲ್ಲಿ ಬಾಳಿದ ನಮ್ಮ ಹಳ್ಳಿಗರಿಗೆ ಅದು ಎದುರಾದದ್ದು ಬೇರೆಯೇ ಹೆಸರುಗಳಲ್ಲಿ: ಶಾಲೆಯ ಕೇರ್ ಉಪ್ಪಿಟ್ಟು, ಹಾಲಿನ ಪುಡಿ, ಪಡಿತರದ ಗೋಧಿ, ಹೊಲದ ಬದುವಿನ ಕಾಂಗ್ರೆಸ್ ಗಿಡ. ಇತಿಹಾಸಕಾರರು ಈ ನೆನಪುಗಳನ್ನು ಬಾಲ್ಯದ ಹಂಬಲವೆಂದು ಬದಿಗಿರಿಸುವುದುಂಟು. ಅದು ಸರಿಯಲ್ಲ.

ಅಮೆರಿಕದಲ್ಲಿ 1954ರಲ್ಲಿ ಜಾರಿಗೆ ಬಂದ ಪಿ.ಎಲ್. 480 ಶಾಸನವು ಅಲ್ಲಿನ ಹೆಚ್ಚುವರಿ ಧಾನ್ಯವನ್ನು ಹೊರದೇಶಗಳಿಗೆ ಸಾಗಿಸಲು ದಾರಿ ಮಾಡಿತು. ರೈತರ ಬೆಳೆಗೆ ಮಾರುಕಟ್ಟೆ, ಹೊಸದಾಗಿ ಸ್ವತಂತ್ರಗೊಂಡ ದೇಶಗಳಲ್ಲಿ ಪ್ರಭಾವ, ಎರಡೂ ಅದರ ಗುರಿಗಳಾಗಿದ್ದವು. ಭಾರತ 1956ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ಸೋವಿಯತ್ ಒಕ್ಕೂಟವಾದರೋ ಅದೇ ದಶಕದಲ್ಲಿ ಭಿಲಾಯಿಯ ಉಕ್ಕಿನ ಕಾರ್ಖಾನೆಗೆ ನೆರವಾಯಿತು. ಒಬ್ಬರದು ಹೊಟ್ಟೆಯ ದಾರಿ, ಇನ್ನೊಬ್ಬರದು ಕುಲುಮೆಯ ದಾರಿ.

ಈ ಧಾನ್ಯದ ಹಿಂದೆ ಹಂಗಿದೆ ಎಂಬ ಅಳುಕು ಜನರಲ್ಲಿತ್ತು. ಅದು ನಿರಾಧಾರವೂ ಅಲ್ಲ. 1965 ಮತ್ತು 1966ರ ಬರಗಾಲಗಳಲ್ಲಿ ಹಡಗು ಬಂದರೆ ಊಟ ಎಂಬ ಸ್ಥಿತಿ ಒದಗಿತು. ವಾರಕ್ಕೊಂದು ಹೊತ್ತು ಉಪವಾಸವಿರಿ ಎಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕರೆ ಕೊಟ್ಟದ್ದು 1965ರಲ್ಲಿ. ಅಧ್ಯಕ್ಷ ಲಿಂಡನ್ ಜಾನ್ಸನ್ ದೀರ್ಘಾವಧಿಯ ಒಪ್ಪಂದವನ್ನು ತಡೆಹಿಡಿದು, ಗೋಧಿಯನ್ನು ಅಲ್ಪಸ್ವಲ್ಪವಾಗಿ, ತಿಂಗಳ ಲೆಕ್ಕದಲ್ಲಿ ಬಿಡತೊಡಗಿದರು. ಭಾರತ ತನ್ನ ಕೃಷಿನೀತಿಯನ್ನು ಬದಲಿಸಲೆಂಬುದು ಒಂದು ಕಾರಣ; ವಿಯೆಟ್ನಾಂ ಯುದ್ಧವನ್ನು ಕುರಿತ ಭಾರತದ ಟೀಕೆಯ ಬಗೆಗಿನ ಅಸಮಾಧಾನ ಮತ್ತೊಂದು. ಅನ್ನದ ಋಣವೆಂಬುದರ ಅರ್ಥ ತಿಳಿದಿದ್ದ ರೈತನಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಕಾಂಗ್ರೆಸ್ ಗಿಡದ ಕಥೆ ಇನ್ನೂ ತೊಡಕಿನದು. ಪಾರ್ಥೇನಿಯಂ ಎಂಬ ಈ ಕಳೆ ಅಮೆರಿಕದ ಗೋಧಿಯೊಡನೆ ಬಂತೆಂಬುದು ನಾಡಿನಾದ್ಯಂತ ಹರಡಿರುವ ನಂಬಿಕೆ. ಬೆರಸೆಂದೇ ಕಳುಹಿಸಿದರು ಎನ್ನುವವರೂ ಉಂಟು. ಹೆಸರಿಗೂ ಎರಡು ವಿವರಣೆಗಳಿವೆ: ಬಿಳಿ ಹೂ ಗಾಂಧಿ ಟೋಪಿಯನ್ನು ಹೋಲುತ್ತದೆಂಬುದು ಒಂದು, ಗೋಧಿ ತರಿಸಿದ ಸರ್ಕಾರದ ಪಕ್ಷದ ಹೆಸರೆಂಬುದು ಇನ್ನೊಂದು. ಪುಣೆಯಲ್ಲಿ ಈ ಗಿಡವನ್ನು ಗುರುತಿಸಿದ್ದು 1955ರಲ್ಲಿ, ಅಂದರೆ ಪಿ.ಎಲ್. 480 ಒಪ್ಪಂದಕ್ಕಿಂತ ಮೊದಲು. 19ನೇ ಶತಮಾನದಲ್ಲೇ ಅದು ಭಾರತದಲ್ಲಿ ದಾಖಲಾಗಿತ್ತು. ಹಾಗೆಂದು ಗೋಧಿಯೊಡನೆ ಬೀಜ ಬಂದೇ ಇಲ್ಲವೆಂದು ಸಿದ್ಧವಾಗುವುದಿಲ್ಲ. 1951ರಲ್ಲಿಯೂ ಅಮೆರಿಕದಿಂದ ಸಾಲದ ಧಾನ್ಯ ಬಂದಿತ್ತು. ಬೇಕೆಂದೇ ಕಳುಹಿಸಿದರೆಂಬ ಮಾತಿಗೆ ಮಾತ್ರ ಆಧಾರವಿಲ್ಲ. ಆದರೆ ಗಿಡ ತಾಗಿ ಚರ್ಮ ಉರಿದವರಿಗೆ, ಪರಾಗದಿಂದ ಉಬ್ಬಸ ಬಂದವರಿಗೆ ನೆರವಿನ ನೆನಪು ತುರಿಕೆಯೊಡನೆ ಬೆರೆತಿದ್ದರೆ ಅಚ್ಚರಿಯೇನು? ಈ ಕಳೆಯನ್ನು ತಿನ್ನುವ ಜೀರುಂಡೆಯನ್ನೂ ಮೆಕ್ಸಿಕೊದಿಂದಲೇ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು.

ಸೋವಿಯತ್ ಪಕ್ಷದ ನೆನಪಿನಲ್ಲಿ ಇಂಥ ತುರಿಕೆಯಿಲ್ಲ. ಮಾಸ್ಕೋದಲ್ಲಿ ಅಚ್ಚಾದ ಅಗ್ಗದ ಪುಸ್ತಕಗಳು, ಹೊಳಪು ಕಾಗದದ ಪತ್ರಿಕೆಗಳು ಪಟ್ಟಣಗಳ ಓದುಗರಿಗೆ ಸಿಕ್ಕವು. ಆ ಹಾಳೆಗಳನ್ನು ಪಠ್ಯಪುಸ್ತಕಗಳಿಗೆ ಹೊದಿಕೆ ಹಾಕಿದವರು ಹಲವರು. ಸೋವಿಯತ್ ದಮನದ ಸುದ್ದಿ ಈ ಓದುಗರನ್ನು ಅಷ್ಟಾಗಿ ತಟ್ಟಲಿಲ್ಲ. ಪುಸ್ತಕ ಕೊಟ್ಟವರ ಬಗೆಗೆ ನಾವು ತೋರುವ ಈ ಔದಾರ್ಯವನ್ನು ಅನ್ನ ಕೊಟ್ಟವರಿಗೆ ತೋರಲಿಲ್ಲವೆಂಬುದು ಗಮನಾರ್ಹ.

ಗೋಧಿಗೂ ಗ್ರಂಥಕ್ಕೂ ಇನ್ನೊಂದು ನಂಟಿದೆ. ಭಾರತ ಗೋಧಿಯ ಬೆಲೆಯನ್ನು ರೂಪಾಯಿಗಳಲ್ಲಿ ತೆರುತ್ತಿತ್ತು. ಇಲ್ಲಿಯೇ ರಾಶಿಬಿದ್ದ ಆ ಹಣದ ಒಂದಂಶದಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ತನ್ನ ದೆಹಲಿ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚತೊಡಗಿತು. ಹಾಗೆ ಹಡಗೇರಿದವುಗಳಲ್ಲಿ ಕನ್ನಡದ ಕಾದಂಬರಿ, ಕವನಸಂಕಲನಗಳೂ ಇದ್ದವು.