ಅವನ ಓಟ, ಅವನು ಓಡಿದ್ದು ಮತ್ತು ಇಂಗ್ಲಿಷಿನ ಅಪಾಸ್ಟ್ರಫಿ ಎಸ್

ಹೈಸ್ಕೂಲಿನ ಇಂಗ್ಲಿಷ್ ಉತ್ತರಪತ್ರಿಕೆ ತಿದ್ದುವ ಮೇಷ್ಟ್ರುಗಳಿಗೆ ‘ಯುವರ್ ಕ್ವಿಕ್ಲಿ ರಿಪ್ಲೈ’ ಹೊಸದೇನಲ್ಲ. ಪತ್ರಲೇಖನದ ಕೊನೆಯ ಸಾಲಿನಲ್ಲಿ ಅದು ಸಿಕ್ಕೇ ಸಿಗುತ್ತದೆ, ಕೆಂಪು ಶಾಯಿ ಅಲ್ಲಿನ ‘ಲಿ’ಯನ್ನು ಹೊಡೆದುಹಾಕುತ್ತದೆ. ಇನ್ನೊಂದು ಪುಟದಲ್ಲಿ ಅದೇ ವಿದ್ಯಾರ್ಥಿನಿ ‘ಹಿಸ್ ಕ್ವಿಕ್ ರೀಡಿಂಗ್ ದ ಲೆಟರ್’ ಎಂದು ಬರೆದಿದ್ದರೆ ಅದೇ ಶಾಯಿ ‘ಲಿ’ಯನ್ನು ಸೇರಿಸುತ್ತದೆ. ಎರಡೂ ಕಡೆ ಮೊದಲಿಗೆ ನಿಂತಿರುವುದು ಯುವರ್, ಹಿಸ್ ಎಂಬ ಒಂದೇ ಜಾತಿಯ ಷಷ್ಠೀ ಪದ. ಹಾಗಿದ್ದರೆ ಒಂದು ಕಡೆ ತೆಗೆದು ಇನ್ನೊಂದು ಕಡೆ ಸೇರಿಸಿದ್ದೇಕೆ? ಕೇಳಿದ ಮಗುವಿಗೆ ಎಷ್ಟೋ ಸಲ ಸಿಗುವ ಉತ್ತರ, ‘ಇಂಗ್ಲಿಷ್ ಇರೋದೇ ಹಾಗೆ, ಬಾಯಿಪಾಠ ಮಾಡು’ ಎಂಬುದು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಇದಕ್ಕೆ ಖಚಿತವಾದ ಕಾರಣವಿದೆ, ಕನ್ನಡದ ಮಕ್ಕಳಿಗೆ ಅದು ಆಗಲೇ ಗೊತ್ತಿದೆ ಕೂಡ.

ಷಷ್ಠೀ ಪದದ ನಂತರ ಕ್ರಿಯಾವಿಶೇಷಣ ಬರಬೇಕೋ ಗುಣವಾಚಕ ಬರಬೇಕೋ ಎಂಬುದನ್ನು ಆ ಷಷ್ಠೀ ಪದ ತೀರ್ಮಾನಿಸುವುದಿಲ್ಲ. ತೀರ್ಮಾನಿಸುವುದು ಅದರ ಆಚೆಗಿರುವ ಪದ. ರಿಪ್ಲೈ ಇಲ್ಲಿ ಅಪ್ಪಟ ನಾಮಪದ, ಹಾಗಾಗಿ ಅದಕ್ಕೆ ಕ್ವಿಕ್ ಎಂಬ ಗುಣವಾಚಕವೇ ಬೇಕು. ರೀಡಿಂಗ್ ಹಾಗಲ್ಲ, ಅದಕ್ಕೆ ಎರಡು ವೇಷ. ‘ರೀಡಿಂಗ್ ದ ಲೆಟರ್’ ಎಂದಾಗ ಅದು ನೇರವಾಗಿ ಕರ್ಮವನ್ನು ಹಿಡಿದುಕೊಂಡಿದೆ, ಒಳಗಿನ ಕ್ರಿಯಾಪದ ಇನ್ನೂ ಜೀವಂತವಾಗಿದೆ. ಆದ್ದರಿಂದ ‘ಹಿಸ್ ಕ್ವಿಕ್ಲಿ ರೀಡಿಂಗ್ ದ ಲೆಟರ್’. ನಡುವೆ ಒಂದು ‘ಆಫ್’ ಬಂದು ‘ರೀಡಿಂಗ್ ಆಫ್ ದ ಲೆಟರ್’ ಆಯಿತೋ, ಅದು ನಾಮಪದವಾಯಿತು. ಆಗ ‘ಹಿಸ್ ಕ್ವಿಕ್ ರೀಡಿಂಗ್ ಆಫ್ ದ ಲೆಟರ್’ ಎನ್ನಬೇಕು. ಹೀಗಾಗಿ ಆ ವಿದ್ಯಾರ್ಥಿನಿಯ ವಾಕ್ಯವನ್ನು ಎರಡು ರೀತಿಯಲ್ಲಿ ಸರಿಪಡಿಸಬಹುದಿತ್ತು: ‘ಲಿ’ ಸೇರಿಸಿ, ಇಲ್ಲವೇ ‘ಆಫ್’ ಸೇರಿಸಿ. ಎರಡರಲ್ಲಿ ಒಂದನ್ನಷ್ಟೇ ತೋರಿಸಿದರೆ ನಿಯಮ ಮಗುವಿನ ಕೈಗೆ ಸಿಗುವುದಿಲ್ಲ.

ಈಗ ಕನ್ನಡಕ್ಕೆ ಬನ್ನಿ. ಓಟ, ಓಡುವುದು ಎರಡನ್ನೂ ನಮ್ಮ ಶಾಲಾ ವ್ಯಾಕರಣ ಕೃದಂತ ಭಾವನಾಮ ಎಂಬ ಒಂದೇ ಹೆಸರಿನಡಿ ಕಲಿಸುತ್ತದೆ. ಹೆಸರು ಒಂದೇ ಆದರೂ ಅವುಗಳ ನಡತೆ ಬೇರೆ ಬೇರೆ. ‘ಅವನ ವೇಗದ ಓಟ’ ಎನ್ನುತ್ತೇವೆ, ‘ಅವನು ವೇಗವಾಗಿ ಓಡುವುದು’ ಎನ್ನುತ್ತೇವೆ. ‘ಅವನ ವೇಗವಾಗಿ ಓಟ’ ಎಂದು ಐದು ವರ್ಷದ ಮಗುವೂ ಹೇಳುವುದಿಲ್ಲ. ಓಟಕ್ಕೆ ‘ಅವನ’ ಮತ್ತು ‘ವೇಗದ’ ಬೇಕು, ಓಡುವುದಕ್ಕೆ ‘ಅವನು’ ಮತ್ತು ‘ವೇಗವಾಗಿ’ ಬೇಕು. ಕನ್ನಡದಲ್ಲಿ ವ್ಯತ್ಯಾಸ ಎರಡು ಕಡೆ ಕಾಣುತ್ತದೆ: ವಿಶೇಷಣದಲ್ಲಿ ಒಮ್ಮೆ, ಕರ್ತೃವಿನ ವಿಭಕ್ತಿಯಲ್ಲಿ ಇನ್ನೊಮ್ಮೆ. ಶಿಷ್ಟ ಇಂಗ್ಲಿಷಿನಲ್ಲಿ ಎರಡೂ ಕಡೆ ‘ಹಿಸ್’ ಎಂದೇ ಇರುವುದರಿಂದ ಈ ಎರಡನೆಯ ಗುರುತು ಅಳಿಸಿಹೋಗುತ್ತದೆ. ಉಳಿಯುವುದು ‘ಲಿ’ ಮತ್ತು ‘ಆಫ್’ ಮಾತ್ರ. ನಮ್ಮ ಮಕ್ಕಳು ಎಡವುವುದು ಇಲ್ಲೇ. ಬುದ್ಧಿ ಸಾಲದೆ ಎಡವುತ್ತಾರೆಂದು ಯಾರೂ ತಿಳಿಯಬಾರದು. ಅವರು ಹುಡುಕುವ ಗುರುತು ಇಂಗ್ಲಿಷಿನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಇದು ಬರೀ ರೂಪದ ಮಾತಲ್ಲ, ಅರ್ಥವೂ ಬದಲಾಗುತ್ತದೆ. ‘ಹಿಸ್ ಕೇರ್‌ಫುಲ್ ಡ್ರೈವಿಂಗ್ ಸರ್‌ಪ್ರೈಸ್ಡ್ ಮಿ’ ಎಂದರೆ ಅವನು ಗಾಡಿ ಓಡಿಸುವ ಎಚ್ಚರಿಕೆಯ ರೀತಿ ನನಗೆ ಅಚ್ಚರಿ ತಂದಿತು ಎಂದು. ‘ಹಿಸ್ ಡ್ರೈವಿಂಗ್ ಕೇರ್‌ಫುಲಿ ಸರ್‌ಪ್ರೈಸ್ಡ್ ಮಿ’ ಎಂದರೆ ಅವನು ಎಚ್ಚರಿಕೆಯಿಂದ ಓಡಿಸಿದ ಎಂಬ ಸಂಗತಿಯೇ ಅಚ್ಚರಿ ತಂದಿತು ಎಂದು. ಮಾಮೂಲಿಗೆ ಅವನು ಹಾಗೆ ಓಡಿಸುವವನಲ್ಲ ಎಂಬ ಧ್ವನಿ ಎರಡನೆಯದರಲ್ಲಿದೆ. ಈ ಬಗೆಯ ನಾಮರೂಪಗಳನ್ನು ರಾಬರ್ಟ್ ಲೀಸ್ 1960ರ ತಮ್ಮ ಪುಸ್ತಕದಲ್ಲಿ ವಿಂಗಡಿಸಿ ನೋಡಿದರು. 1970ರಲ್ಲಿ ನೋಮ್ ಚಾಮ್‌ಸ್ಕಿ ಒಂದು ಪ್ರಸಿದ್ಧ ಪ್ರಬಂಧದಲ್ಲಿ ‘ರೆಫ್ಯೂಸಲ್’ನಂಥ ಪದ ಹಾಗೂ ‘ರೆಫ್ಯೂಸಿಂಗ್’ನಂಥ ರೂಪ ಒಂದೇ ದಾರಿಯಲ್ಲಿ ಹುಟ್ಟಿದವಲ್ಲ ಎಂದು ವಾದಿಸಿದರು. ಮೊದಲನೆಯದು ಗುಣವಾಚಕವನ್ನು ಬೇಡುತ್ತದೆ, ಎರಡನೆಯದು ಕ್ರಿಯಾವಿಶೇಷಣವನ್ನು ಬೇಡುತ್ತದೆ ಎಂಬುದು ಅವರ ವಾದದ ಒಂದು ಆಧಾರ. ಅಮೆರಿಕದ ಭಾಷಾವಿಜ್ಞಾನದಲ್ಲಿ ವರ್ಷಗಟ್ಟಲೆ ಚರ್ಚೆಯೆಬ್ಬಿಸಿದ ಪ್ರಬಂಧವದು.

ಅದಕ್ಕೂ ಮೊದಲೇ ಇಂಗ್ಲೆಂಡಿನಲ್ಲಿ ಇದೇ ವಾಕ್ಯರಚನೆಯ ಮೇಲೆ ಜಗಳ ನಡೆದಿತ್ತು. ಎಚ್. ಡಬ್ಲ್ಯು. ಫೌಲರ್ ಮತ್ತು ಅವರ ತಮ್ಮ ಸೇರಿ 1906ರಲ್ಲಿ ‘ದ ಕಿಂಗ್ಸ್ ಇಂಗ್ಲಿಷ್’ ಪ್ರಕಟಿಸಿದರು. ಫೌಲರ್ ಪ್ರಕಾರ ‘ಹಿಸ್ ಲೀವಿಂಗ್ ಸಡನ್ಲಿ’ ಸರಿ, ‘ಹಿಮ್ ಲೀವಿಂಗ್ ಸಡನ್ಲಿ’ ತಪ್ಪು. 1926ರ ತಮ್ಮ ಪ್ರಯೋಗಕೋಶದಲ್ಲೂ ಅವರು ಪಟ್ಟು ಸಡಿಲಿಸಲಿಲ್ಲ. ಡೆನ್ಮಾರ್ಕಿನ ಓಟೋ ಯೆಸ್ಪರ್ಸನ್ ಅದೇ 1926ರಲ್ಲಿ ಅವರಿಗೆ ಉತ್ತರ ಬರೆದರು. ಒಳ್ಳೆಯ ಲೇಖಕರ ಗದ್ಯದಿಂದ ಉದಾಹರಣೆಗಳನ್ನು ರಾಶಿ ಹಾಕಿ, ಫೌಲರ್ ತಪ್ಪೆನ್ನುವ ರೂಪ ಇಂಗ್ಲಿಷಿನಲ್ಲಿ ಬಹುಕಾಲದಿಂದ ಇದೆ ಎಂದು ತೋರಿಸಿದರು. ಈ ವಿಷಯದಲ್ಲಿ ನಾನು ಯೆಸ್ಪರ್ಸನ್ ಪಕ್ಷ. ಷಷ್ಠಿಯ ನಂತರ ‘ಸಡನ್ಲಿ’ ಎಂಬ ಕ್ರಿಯಾವಿಶೇಷಣ ಸಲೀಸಾಗಿ ಕೂರುತ್ತದೆ ಎಂದರೆ ಅಲ್ಲಿರುವುದು ಅರ್ಧ ವಾಕ್ಯ. ವಾಕ್ಯಕ್ಕೆ ಕರ್ತೃ ಬೇಕು, ಒಡೆಯನೇ ಬೇಕೆಂದಿಲ್ಲ. ಕನ್ನಡ ಇಲ್ಲಿ ‘ಅವನು’ ಎಂದು ಪ್ರಥಮೆಯನ್ನೇ ಇಡುವುದೂ ಅದಕ್ಕೇ.

ಷಷ್ಠಿಗೂ ಕ್ರಿಯಾವಿಶೇಷಣಕ್ಕೂ ಇರುವ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಅಪಾಸ್ಟ್ರಫಿ ಎಸ್ ಕೆಲವೊಮ್ಮೆ ಕ್ರಿಯಾವಿಶೇಷಣದ ಬಾಲಕ್ಕೇ ಅಂಟಿಕೊಳ್ಳುತ್ತದೆ. ‘ನಿನ್ನೆ ಬಂದ ಹುಡುಗನ ಕೊಡೆ’ ಎಂಬುದನ್ನು ಇಂಗ್ಲಿಷರು ಆಡುಮಾತಿನಲ್ಲಿ ‘ದ ಬಾಯ್ ಹೂ ಕೇಮ್ ಯೆಸ್ಟರ್‌ಡೇಸ್ ಅಂಬ್ರೆಲ್ಲಾ’ ಎಂದುಬಿಡುತ್ತಾರೆ. ಕೊಡೆ ಹುಡುಗನದು, ಎಸ್ ಕೂತಿರುವುದು ನಿನ್ನೆಯ ಮೇಲೆ. ಕನ್ನಡದಲ್ಲಿ ‘ನಿನ್ನೆ ಬಂದ’ ಎಂಬ ಭಾಗ ಮುಂದೆಯೇ ಬರುವುದರಿಂದ ವಿಭಕ್ತಿ ತನ್ನ ನಾಮಪದದ ಮೇಲೆ ಸರಿಯಾಗಿ ಬೀಳುತ್ತದೆ. ಇಂಗ್ಲಿಷಿನಲ್ಲಿ ಅಂಥ ಭಾಗ ಹಿಂದೆ ಉಳಿಯುವುದರಿಂದ ಎಸ್ ಪದಗುಚ್ಛದ ಕೊನೆಯ ತನಕ ಹೋಗಿ ಅಲ್ಲಿ ಯಾವ ಪದವಿದ್ದರೆ ಅದನ್ನೇ ಹಿಡಿಯುತ್ತದೆ. ಹಿಂದೆ ಹೀಗಿರಲಿಲ್ಲ. ಚಾಸರ್ ಬದುಕಿದ್ದ 14ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜನ ಕಿರೀಟ ಎನ್ನಲು ‘ಕಿಂಗ್ಸ್ ಕ್ರೌನ್ ಆಫ್ ಇಂಗ್ಲೆಂಡ್’ ಎಂಬ ಕ್ರಮವಿತ್ತು, ಎಸ್ ರಾಜನಿಗೇ ಅಂಟುತ್ತಿತ್ತು. ‘ಸಮ್‌ಬಡಿ ಎಲ್ಸಸ್’ ಎಂಬುದನ್ನು 19ನೇ ಶತಮಾನದಲ್ಲೂ ಹಲವರು ‘ಸಮ್‌ಬಡೀಸ್ ಎಲ್ಸ್’ ಎಂದೇ ಬರೆಯುತ್ತಿದ್ದರು. ಈ ಎಸ್ ಅನ್ನು ಷಷ್ಠೀ ವಿಭಕ್ತಿ ಎಂದು ಕರೆದು ಕೈತೊಳೆದುಕೊಂಡರೆ ಸಾಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇಂದಿನ, ನಿನ್ನೆಯ, ನಾಳೆಯ ಎನ್ನುವಂತೆಯೇ ಟುಡೇಸ್, ಯೆಸ್ಟರ್‌ಡೇಸ್, ಟುಮಾರೋಸ್ ಇವೆ. ಇದನ್ನು ಕಂಡು ಮಕ್ಕಳು ಇಲ್ಲಿಯ, ಈಗಿನ, ಆಗಿನ ಎಂಬವಕ್ಕೂ ಎಸ್ ಹಚ್ಚಲು ಹೋಗುತ್ತಾರೆ, ಅಲ್ಲಿ ಬಾಗಿಲು ಮುಚ್ಚಿದೆ. ಇಲ್ಲಿಯ ಜನ ಎಂದರೆ ‘ದ ಪೀಪಲ್ ಹಿಯರ್’, ಆಗಿನ ರಾಜ ಎಂದರೆ ‘ದ ದೆನ್ ಕಿಂಗ್’. ಹಡಲ್‌ಸ್ಟನ್ ಮತ್ತು ಪುಲಮ್ 2002ರಲ್ಲಿ ಹೊರತಂದ ಕೇಂಬ್ರಿಡ್ಜ್ ವ್ಯಾಕರಣ ಟುಡೇ, ಯೆಸ್ಟರ್‌ಡೇಗಳನ್ನು ಕ್ರಿಯಾವಿಶೇಷಣದ ಪಟ್ಟಿಯಿಂದ ತೆಗೆದು ಸರ್ವನಾಮಗಳ ಜೊತೆ ಇಟ್ಟಿತು. ಅವು ಷಷ್ಠಿಯನ್ನು ತೆಗೆದುಕೊಳ್ಳುತ್ತವೆ, ಹಿಯರ್ ಮತ್ತು ನೌ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ನೋಡಿದರೆ ಈ ತೀರ್ಮಾನ ಸರಿಯೆನಿಸುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಷಷ್ಠಿಯೇ ಕ್ರಿಯಾವಿಶೇಷಣವಾಗಿ ದುಡಿದ ಕಾಲವೊಂದಿದೆ. ಹಳೆಯ ಇಂಗ್ಲಿಷಿನಲ್ಲಿ ಹಗಲು ಎಂಬ ಪದದ ಷಷ್ಠೀ ರೂಪಕ್ಕೆ ‘ಹಗಲಿನಲ್ಲಿ’ ಎಂಬ ಅರ್ಥವೂ ಇತ್ತು. ರಾತ್ರಿ ಸ್ತ್ರೀಲಿಂಗದ ಪದವಾದ್ದರಿಂದ ಅದಕ್ಕೆ ಆ ಎಸ್ ಸಲ್ಲಬೇಕಿರಲಿಲ್ಲ, ಆದರೂ ಹಗಲನ್ನು ನೋಡಿ ಅದೂ ಎಸ್ ಹಚ್ಚಿಕೊಂಡಿತು. ಇಂದಿನ ‘ಹಿ ವರ್ಕ್ಸ್ ನೈಟ್ಸ್’ ಎಂಬ ಮಾತಿನ ಬೇರು ಅಲ್ಲಿದೆ, ಈಗಿನ ಜನ ಅದನ್ನು ಬಹುವಚನ ಎಂದು ತಿಳಿದಿದ್ದಾರೆ. ಒನ್ಸ್, ಟ್ವೈಸ್, ಆಲ್ವೇಸ್, ಬಿಸೈಡ್ಸ್, ಆಫ್ಟರ್‌ವರ್ಡ್ಸ್, ಮೇಲೆ ಹೇಳಿದ ಎಲ್ಸ್ ಕೂಡ, ಎಲ್ಲದರ ಕೊನೆಯಲ್ಲಿ ಆ ಹಳೆಯ ಷಷ್ಠಿಯ ಸಕಾರವೇ ಕೂತಿದೆ.

ಈ ಚರಿತ್ರೆಯನ್ನೆಲ್ಲ ಒಂಬತ್ತನೇ ತರಗತಿಯಲ್ಲಿ ಹೇಳಿ ಎಂದು ನಾನು ಕೇಳುತ್ತಿಲ್ಲ. ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸಲ ಪತ್ರಲೇಖನದ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ‘ಅವನ ವೇಗದ ಓಟ’, ‘ಅವನು ವೇಗವಾಗಿ ಓಡಿದ್ದು’ ಎಂದು ಕನ್ನಡದಲ್ಲೇ ಬರೆಯಿರಿ. ಎರಡನ್ನೂ ಮಕ್ಕಳಿಂದ ಅದಲುಬದಲು ಮಾಡಿಸಿ, ಎಲ್ಲಿ ಕಿವಿಗೆ ಒಗ್ಗುವುದಿಲ್ಲವೋ ಅವರಿಂದಲೇ ಹೇಳಿಸಿ. ಅದರ ಪಕ್ಕದಲ್ಲಿ ‘ಕ್ವಿಕ್’, ‘ಕ್ವಿಕ್ಲಿ’ ಬರೆದ ಮೇಲೆ ಕೆಂಪು ಶಾಯಿ ತೆಗೆದುಕೊಳ್ಳಿ.