ನಮ್ಮ ಕೆಲಸದ ಬಗ್ಗೆ ನಾವೇ ಹೇಳ್ಕೊಂಡ್ರೆ ತಪ್ಪಾ?

ಹಳೆ ಕನ್ನಡ ಪುಸ್ತಕದ ಸ್ಕ್ಯಾನ್ ಪುಟದಿಂದ ಅಕ್ಷರ ಗುರುತಿಸೋ ಒಂದು ಟೂಲ್ ಮಾಡಿದ್ದೀರಿ ಅಂದ್ಕೊಳ್ಳಿ. ನಿಮ್ಮದೇ ಫೀಲ್ಡ್‌ನ ನೂರಾರು ಜನ ಇರೋ ಇಮೇಲ್ ಗ್ರೂಪ್ ಇದೆ. ಅಲ್ಲಿ ಹಾಕೋದಾ, ಬೇಡವಾ? ಮನಸ್ಸು ಹಿಂಜರಿಯುತ್ತೆ. ಕರ್ಣಪರ್ವದಲ್ಲಿ ಅಣ್ಣನನ್ನು ಬೈದ ಅರ್ಜುನ ಸಾಯೋಕೆ ಹೊರಟಾಗ, ನಿನ್ನನ್ನು ನೀನೇ ಹೊಗಳಿಕೋ, ಅದೂ ಸಾವಿಗೆ ಸಮ ಅಂತಾನಲ್ಲ ಕೃಷ್ಣ. ಆ ಸಂಕೋಚ ನಮ್ಮನ್ನ ಇನ್ನೂ ಬಿಟ್ಟಿಲ್ಲ.

ಆದ್ರೆ ಜನ ಸಿಟ್ಟಾಗೋದು ಹೊಗಳಿಕೊಂಡಿದ್ದಕ್ಕೇನಾ? 1978ರ ಮೇ ತಿಂಗಳ ಕಥೆ ಕೇಳಿ. ಅಮೆರಿಕದಲ್ಲಿ ಅರ್ಪಾನೆಟ್ ಅಂತ ಒಂದು ಜಾಲ ಇತ್ತು, ಇಂಟರ್‌ನೆಟ್‌ನ ಪೂರ್ವಜ. ರಕ್ಷಣಾ ಇಲಾಖೆಯ ದುಡ್ಡಲ್ಲಿ ಸಂಶೋಧನೆಗಾಗಿ ನಡೆಯುತ್ತಿದ್ದದ್ದು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರ್ಕೆಟಿಂಗ್ ವಿಭಾಗದ ಗ್ಯಾರಿ ಥ್ಯೂರ್ಕ್, ನಮ್ಮ ಹೊಸ ಕಂಪ್ಯೂಟರ್ ನೋಡೋಕೆ ಬನ್ನಿ ಅಂತ ಸುಮಾರು 400 ಜನರಿಗೆ ಒಂದೇ ಸಲ ಇಮೇಲ್ ಕಳಿಸಿದರು. ವಿಳಾಸಗಳು ಎಷ್ಟಿದ್ದವು ಅಂದ್ರೆ, ಮೇಲಿನ ಜಾಗ ಸಾಲದೆ ಪತ್ರದ ಒಳಗೇ ಇಳಿದುಬಿಟ್ಟವು! ದೂರು ಬಂತು. ಇದು ನಿಯಮದ ಉಲ್ಲಂಘನೆ ಅಂತ ಜಾಲ ನೋಡಿಕೊಳ್ಳುತ್ತಿದ್ದ ಅಧಿಕಾರಿಗಳು ಗದರಿದರು. ಕೋಟಿ ಡಾಲರ್‌ಗೂ ಮೀರಿ ವ್ಯಾಪಾರ ಆಯ್ತು ಅಂತ ಥ್ಯೂರ್ಕ್ ಆಮೇಲೆ ಹೇಳಿಕೊಂಡರು, ಅದು ಬೇರೆ ಮಾತು. ಇವತ್ತು ಅವರ ಹೆಸರು ಹುಡುಕಿದ್ರೆ ಸಿಗೋದು ಮೊದಲ ಸ್ಪ್ಯಾಮ್ ಕಳಿಸಿದವರು ಅಂತ.

ಈಗ 1991ರ ಆಗಸ್ಟ್ 25. ಮಿನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಬಳಸೋರ ಆನ್‌ಲೈನ್ ಚರ್ಚಾ ಗುಂಪಿಗೆ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದರು. ನಾನೂ ಒಂದು ಆಪರೇಟಿಂಗ್ ಸಿಸ್ಟಮ್ ಮಾಡ್ತಿದ್ದೀನಿ, ಬರೀ ಹವ್ಯಾಸಕ್ಕೆ. ಮಿನಿಕ್ಸ್‌ನಲ್ಲಿ ನಿಮಗೆ ಏನು ಇಷ್ಟ, ಏನು ಇಷ್ಟ ಇಲ್ಲ ಹೇಳಿ ಅಂತ. ಅದೇ ಲಿನಕ್ಸ್. ನಿಮ್ಮ ಕೈಲಿರೋದು ಆಂಡ್ರಾಯ್ಡ್ ಫೋನ್ ಆದ್ರೆ ಅದರ ತಳದಲ್ಲಿರೋದೂ ಅದೇ.

ಇಬ್ಬರೂ ಹೇಳಿಕೊಂಡಿದ್ದು ತಮ್ಮ ಕೆಲಸದ ಬಗ್ಗೆಯೇ. ಒಬ್ಬರಿಗೆ ಆ 400 ಜನ ಬರೀ ಗಿರಾಕಿಗಳು; ಇನ್ನೊಬ್ಬರು ಆ ಗುಂಪಿನ ವಿಷಯವನ್ನೇ ಎತ್ತಿ, ಅಭಿಪ್ರಾಯ ಕೇಳಿದರು. ಹಾಗಾಗಿ ಮೊದಲು ಗ್ರೂಪ್‌ನ ನಿಯಮ ಓದಿ. ಕೆಲವು ಕಡೆ ಇಂಥದ್ದಕ್ಕೆ ಒಂದು ದಿನ ಅಂತಲೇ ಇರುತ್ತೆ. ಒಂದು ಸಲ ಹಾಕಿ. ವಾರಕ್ಕೊಮ್ಮೆ ‘ಜ್ಞಾಪನೆ’ ಬೇಡ. ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು, ಯಾರೋ ಮಾಡಿದ್ದು ಅನ್ನೋ ಥರ ‘ಇದೊಂದು ಒಳ್ಳೆ ಟೂಲ್ ಸಿಕ್ತು ನೋಡಿ’ ಅನ್ನೋದು, ಅಥವಾ ಗೆಳೆಯನ ಕೈಲಿ ಹೊಗಳಿಸೋದು. ಗೊತ್ತಾದ ದಿನ ಆ ಗ್ರೂಪ್‌ನಲ್ಲಿ ನಿಮ್ಮ ಮುಂದಿನ ಮೇಲ್‌ ಯಾರೂ ತೆರೆಯಲ್ಲ. ಅದೇ ಗ್ರೂಪ್‌ನಲ್ಲಿ ನಾಳೆ ನಿಮಗೆ ಕೆಲಸ ಕೊಡೋರೂ ಇರಬಹುದು.

ಇಷ್ಟು ಬರೆದರೆ ಸಾಕು: ‘ಇದು ನಾನೇ ಮಾಡಿದ ಟೂಲ್. ಹಳೆ ಪುಸ್ತಕದ ಪುಟ ಓದುತ್ತೆ, ಒತ್ತಕ್ಷರದಲ್ಲಿ ಇನ್ನೂ ತಪ್ಪುತ್ತೆ. ನಿಮ್ಮ ಹತ್ತಿರ ಇರೋ ಒಂದು ಪುಟ ಹಾಕಿ ನೋಡಿ, ಎಲ್ಲಿ ಎಡವಿತು ತಿಳಿಸಿ.’